ಲೆ ಗ್ವಿನ್ ಕಾದಂಬರಿ ಒಟ್ಟಿಗೆ ಓದೋಣ: ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆಯವರು ಯಾರಿದ್ದೀರಿ?

ಯುನಿಟ್_ಎರಡು (ಬಾಗಲಕೋಟೆ)

ನಮಸ್ಕಾರ್ರೀ. ಮುಂದಿನ ಭಾನುವಾರದಿಂದ ಅರ್ಸುಲಾ ಲೆ ಗ್ವಿನ್ ಬರೆದ 'ದಿ ಡಿಸ್ಪೊಸೆಸ್ಡ್' ಕಾದಂಬರಿಯನ್ನು ಒಟ್ಟಿಗೆ ಓದಬೇಕು ಅಂತ ನಾವು ಕೆಲವರು ಸೇರಿದ್ದೇವೆ. ಪುಸ್ತಕದಲ್ಲಿ 13 ಅಧ್ಯಾಯ ಇವೆ. ವಾರಕ್ಕೆ ಒಂದು. ರಾತ್ರಿ ಊಟ ಆದ ಮೇಲೆ 9 ಗಂಟೆಗೆ ಗೂಗಲ್ ಮೀಟ್‌ನಲ್ಲಿ ಕೂಡುವುದು, ಒಂದು ತಾಸು ಮಾತಾಡುವುದು. ಓದು ಇಂಗ್ಲಿಷಿನಲ್ಲಿ, ಮಾತು ಕನ್ನಡದಲ್ಲಿ. ಫೀಸು ಇಲ್ಲ, ಸರ್ಟಿಫಿಕೇಟೂ ಇಲ್ಲ.

ಪುಸ್ತಕದ ಹೆಸರು ಕೇಳದವರಿಗೆ ಸ್ವಲ್ಪ ಹೇಳುತ್ತೇನೆ. 1974ರಲ್ಲಿ ಬಂದದ್ದು. ವೈಜ್ಞಾನಿಕ ಕತೆ, ಕಾದಂಬರಿಗಳಿಗೆ ಕೊಡುವ ಹ್ಯೂಗೋ, ನೆಬ್ಯುಲಾ ಎರಡೂ ಪ್ರಶಸ್ತಿ ಸಿಕ್ಕಿವೆ. ಉರಾಸ್ ಅಂತ ಒಂದು ಗ್ರಹ. ಹಸಿರು, ನೀರು, ಸಿರಿವಂತಿಕೆ ಎಲ್ಲ ಉಂಟು, ಬಡತನವೂ ಉಂಟು. ಅದರ ಚಂದ್ರ ಅನಾರೆಸ್, ಬರೀ ಒಣ ನೆಲ. ಸುಮಾರು 170 ವರ್ಷದ ಹಿಂದೆ ಓಡೋ ಅನ್ನುವ ಹೆಂಗಸಿನ ವಿಚಾರ ನಂಬಿದ ಜನ ಉರಾಸ್‌ನಲ್ಲಿ ದಂಗೆ ಎದ್ದಿದ್ದರು. ಇವರ ಕಾಟ ತಪ್ಪಿದರೆ ಸಾಕು ಅಂತ ಅಲ್ಲಿನ ಸರ್ಕಾರಗಳು ಆ ಚಂದ್ರನನ್ನೇ ಅವರಿಗೆ ಬಿಟ್ಟುಕೊಟ್ಟವು. ಅಲ್ಲಿ ದುಡ್ಡಿಲ್ಲ, ಆಸ್ತಿಯಿಲ್ಲ, ಪೊಲೀಸಿಲ್ಲ, ಜೈಲಿಲ್ಲ. ಊಟ ಸಾಮೂಹಿಕ ಅಡುಗೆಮನೆಯಲ್ಲಿ. ಯಾರಿಗೆ ಎಲ್ಲಿ ಕೆಲಸ ಅನ್ನುವುದನ್ನು ಒಂದು ಕಚೇರಿ ಕಂಪ್ಯೂಟರ್ ನೋಡಿ ಹೇಳುತ್ತದೆ, ಒಲ್ಲೆ ಅನ್ನುವ ಹಕ್ಕು ಎಲ್ಲರಿಗೂ ಇದೆ. ಶೆವೆಕ್ ಅನ್ನುವ ಭೌತವಿಜ್ಞಾನಿ ಅಲ್ಲಿಯೇ ಹುಟ್ಟಿ ಬೆಳೆದವನು. ಅವನು ಉರಾಸ್‌ಗೆ ಹೋಗುವ ಹಡಗು ಹತ್ತುವಲ್ಲಿಂದ ಕತೆ ಶುರುವಾಗುತ್ತದೆ, ಅವನನ್ನು ದ್ರೋಹಿ ಅಂತ ಕಲ್ಲು ಹೊಡೆಯಲು ಜನ ಸೇರಿರುತ್ತಾರೆ.

ಇದನ್ನೇ ಯಾಕೆ ಆರಿಸಿದಿರಿ ಅಂತ ಆಗಲೇ ಇಬ್ಬರು ಕೇಳಿದರು. ವೈಜ್ಞಾನಿಕ ಕಾದಂಬರಿ ಅಂದ ಕೂಡಲೇ ನಮ್ಮ ಕಡೆ ರಾಕೆಟ್ಟು, ಬೇರೆ ಗ್ರಹದ ರಾಕ್ಷಸರು ಅಂದುಕೊಳ್ಳುತ್ತಾರೆ. ಇಲ್ಲಿ ರಾಕೆಟ್ ಇದೆ, ಆದರೆ ಕತೆ ಅದರದ್ದಲ್ಲ. ಇರುವ ನೀರು, ಇರುವ ಕಾಳು, ಮಾಡಬೇಕಾದ ಹೊಲಸು ಕೆಲಸ, ಇವನ್ನೆಲ್ಲ ಮಾಲೀಕ ಇಲ್ಲದೆ ಹಂಚಿಕೊಳ್ಳಲು ಆಗುತ್ತದಾ, ಆದರೆ ಎಷ್ಟು ದಿನ, ಬರ ಬಿದ್ದರೆ ಅದು ಏನಾಗುತ್ತದೆ ಅನ್ನುವುದು ಕತೆ. ಬರ ಗೊತ್ತಿರುವ ಜಿಲ್ಲೆಯವರು, ಆಲಮಟ್ಟಿ ಹಿನ್ನೀರಿನಲ್ಲಿ ಊರು ಮುಳುಗಿ ನವನಗರದ ಸೆಕ್ಟರ್ ನಂಬರಿಗೆ ಬಂದು ಸೇರಿದವರು ಇದನ್ನು ಓದಿದರೆ ಬೇರೆಯದೇ ಮಾತು ಹೊರಡುತ್ತದೆ ಅಂತ ನನ್ನ ಲೆಕ್ಕ. ಬರುವವರು ಇಲ್ಲೇ ಹೇಳಿ.


ಗುಮ್ಮಟದ_ನೆರಳು (ವಿಜಯಪುರ)

ಸರ್, ಆಸೆ ಇದೆ. ಎರಡು ಅನುಮಾನ. ಒಂದು, ನಾನು ಬಿ.ಕಾಂ. ಮಾಡಿದವನು, ಫಿಸಿಕ್ಸ್ ಹತ್ತನೇ ಕ್ಲಾಸಿಗೆ ಮುಗಿಯಿತು. ನಾಯಕನೇ ಭೌತವಿಜ್ಞಾನಿ ಅಂತೀರಿ. ಎರಡು, ಇಂಗ್ಲಿಷ್ ಪತ್ರಿಕೆ ಓದುತ್ತೇನೆ, ಕಾದಂಬರಿ ಓದಿದ್ದು ಕಡಿಮೆ. ಇಂಥ ಗುಂಪುಗಳಲ್ಲಿ ನಾಲ್ಕು ಜನ ಪ್ರೊಫೆಸರ್‌ಗಳು ಮಾತಾಡುತ್ತಾರೆ, ಉಳಿದವರು ಮೈಕ್ ಮ್ಯೂಟ್ ಮಾಡಿಕೊಂಡು ತಲೆ ಆಡಿಸುತ್ತಾರೆ. ಅದಾದರೆ ನನಗೆ ಬೇಡ.


ಮಲಪ್ರಭಾ_ಮೂಲ (ಖಾನಾಪುರ)

ಇಂಗ್ಲಿಷ್ ಬಗ್ಗೆ ಹೆದರಬೇಡಿ. ಮೊದಲನೇ ಅಧ್ಯಾಯ ಸ್ವಲ್ಪ ಗೊಂದಲ ಆಗುತ್ತದೆ, ಯಾರು ಎಲ್ಲಿ ಯಾಕೆ ಅಂತ ತಿಳಿಯುವುದಿಲ್ಲ. ಎರಡನೆಯದರಲ್ಲಿ ಶೆವೆಕ್ ಕೂಸು, ಆಮೇಲೆ ಹುಡುಗ. ಅಲ್ಲಿಂದ ಸಲೀಸು. ವಾಕ್ಯಗಳು ಸರಳ ಇವೆ. ಲೆ ಗ್ವಿನ್ ಅವರ ತಂದೆ ಆಲ್‌ಫ್ರೆಡ್ ಕ್ರೋಬರ್ ದೊಡ್ಡ ಮಾನವಶಾಸ್ತ್ರಜ್ಞ, ಅದು ಪುಟಪುಟಕ್ಕೂ ಕಾಣುತ್ತದೆ. ಈ ಜನ ಎಲ್ಲಿ ಮಲಗುತ್ತಾರೆ, ಮಕ್ಕಳಿಗೆ ಹೆಸರು ಯಾರು ಇಡುತ್ತಾರೆ, ಸತ್ತರೆ ಏನು ಮಾಡುತ್ತಾರೆ, ಜಗಳ ಆದರೆ ಬಿಡಿಸುವವರು ಯಾರು, ಇಂಥದ್ದನ್ನೆಲ್ಲ ಕೂತು ಯೋಚನೆ ಮಾಡಿದ್ದಾರೆ.

ಎರಡನೇ ಅಧ್ಯಾಯದಲ್ಲಿ ಒಂದು ಪ್ರಸಂಗ ಬರುತ್ತದೆ. ಜೈಲು ಅಂದರೆ ಏನು ಅಂತ ಆ ಮಕ್ಕಳಿಗೆ ಗೊತ್ತೇ ಇಲ್ಲ, ಇತಿಹಾಸದ ಪಾಠದಲ್ಲಿ ಕೇಳಿರುತ್ತಾರೆ ಅಷ್ಟೇ. ಆಟಕ್ಕೆ ಅಂತ ಒಂದು ಜೈಲು ಮಾಡಿ ಒಬ್ಬ ಹುಡುಗನನ್ನು ಒಳಗೆ ಹಾಕುತ್ತಾರೆ. ಅವನೂ ಖುಷಿಯಿಂದಲೇ ಹೋಗುತ್ತಾನೆ. ಆಮೇಲೆ ಏನಾಗುತ್ತದೆ ಅಂತ ಹೇಳಲ್ಲ, ಓದಿ. ಅದನ್ನು ಓದಿ ಮುಗಿಸಿದ ಮೇಲೆ ಈ ಪುಸ್ತಕ ನಿಮಗಾ ಅಲ್ವಾ ಅನ್ನುವುದು ತಿಳಿಯುತ್ತದೆ.

ನಾನು ಮೊದಲೇ ಓದಿದವಳು. ಮತ್ತೆ ಓದಲು ಬರುತ್ತೇನೆ. ಒಂದೇ ಷರತ್ತು, 'ಅನಾರೆಸ್ ಸ್ವರ್ಗ, ಉರಾಸ್ ನರಕ' ಅನ್ನುವ ಮಾತು ಯಾರೂ ಆಡಬಾರದು. ಮುಖಪುಟದಲ್ಲೇ ಅವರು ಇದನ್ನು ಅನುಮಾನ ಉಳಿದ ಆದರ್ಶಲೋಕ ಅನ್ನುವ ಅರ್ಥದಲ್ಲಿ ಕರೆದಿದ್ದಾರೆ. ಎಲ್ಲ ಮುದ್ರಣಗಳಲ್ಲಿ ಆ ಉಪಶೀರ್ಷಿಕೆ ಇರುವುದಿಲ್ಲ, ನಿಮ್ಮ ಪ್ರತಿಯಲ್ಲಿ ಇದೆಯಾ ನೋಡಿ.


ಲೆಕ್ಕದ_ಟೀಚರ್ (ಜಮಖಂಡಿ)

ಫಿಸಿಕ್ಸ್ ಬಗ್ಗೆ ನಾನು ಹೇಳಲಾ? ನಾನು ಹೈಸ್ಕೂಲಿನಲ್ಲಿ ಲೆಕ್ಕ, ವಿಜ್ಞಾನ ಎರಡೂ ಕಲಿಸುತ್ತೇನೆ. ಈ ಪುಸ್ತಕದಲ್ಲಿ ಒಂದೇ ಒಂದು ಸಮೀಕರಣವೂ ತಲೆಗೆ ಬಡಿಯುವುದಿಲ್ಲ. ಶೆವೆಕ್‌ನ ತಲೆನೋವು ಇಷ್ಟೇ. ಕಾಲ ಹರಿಯುತ್ತದೆ, ಮೊದಲು ಕಾರಣ, ಆಮೇಲೆ ಪರಿಣಾಮ, ಇದು ಒಂದು ಲೆಕ್ಕ. ಎಲ್ಲ ಕ್ಷಣಗಳೂ ಒಟ್ಟಿಗೇ ಇವೆ, ಹರಿಯುವುದು ನಮ್ಮ ಅನುಭವ ಮಾತ್ರ, ಇದು ಇನ್ನೊಂದು ಲೆಕ್ಕ. ಎರಡೂ ಸರಿ ಅನ್ನಿಸುತ್ತವೆ, ಎರಡನ್ನೂ ಒಂದೇ ಸಿದ್ಧಾಂತದಲ್ಲಿ ಕೂಡಿಸಬೇಕು. ಅದಕ್ಕೇ ಅವನು ಊರು ಬಿಡುವುದು, ಅನಾರೆಸ್‌ನಲ್ಲಿ ಅವನ ಕೆಲಸ ತಿಳಿಯುವವರು ಯಾರೂ ಇಲ್ಲ.

ಏಳನೇ ಅಧ್ಯಾಯದಲ್ಲಿ ಒಂದು ಪಾರ್ಟಿಯಲ್ಲಿ ಯಾರೋ ಇದರ ಬಗ್ಗೆ ಕೆಣಕುತ್ತಾರೆ. ಆಗ ಶೆವೆಕ್ ಪುಸ್ತಕದ ಉದಾಹರಣೆ ಕೊಡುತ್ತಾನೆ. ಪುಸ್ತಕ ರಟ್ಟಿನ ನಡುವೆ ಇಡಿಯಾಗಿ ಇರುತ್ತದೆ, ಆದರೆ ಕತೆ ಬೇಕಾದರೆ ಮೊದಲ ಪುಟದಿಂದ ಸಾಲಾಗಿಯೇ ಹೋಗಬೇಕು. ಇಷ್ಟು ತಿಳಿದರೆ ಸಾಕು, ಉಳಿದದ್ದು ಅಲಂಕಾರ.

ಚಂದ ಏನು ಅಂದರೆ ಕಾದಂಬರಿಯ ಕಟ್ಟಡವೇ ಹಾಗಿದೆ. ಒಂದನೇ ಅಧ್ಯಾಯ ಬಿಟ್ಟರೆ ಬೆಸ ಸಂಖ್ಯೆಯವು ಹೆಚ್ಚು ಕಡಿಮೆ ಉರಾಸ್‌ನವು, ಸಮ ಸಂಖ್ಯೆಯವು ಅನಾರೆಸ್‌ನ ಹಳೆಯ ದಿನಗಳು. ಹನ್ನೆರಡನೆಯದು ಮುಗಿಯುವಲ್ಲಿಗೆ ಅವನು ಹೊರಡುವ ನಿರ್ಧಾರಕ್ಕೆ ಬರುತ್ತಾನೆ, ಅಂದರೆ ಅದು ಒಂದನೆಯದಕ್ಕೆ ಬಂದು ಕೂಡಿಕೊಳ್ಳುತ್ತದೆ. ಹೋಗುವುದೂ ಬರುವುದೂ ಜೊತೆಜೊತೆಗೆ ನಡೆಯುತ್ತವೆ. ಇದನ್ನು ಬೋರ್ಡಿನ ಮೇಲೆ ಬರೆದು ತೋರಿಸಬೇಕು ಅಂತ ಕೈ ತುರಿಸುತ್ತಿದೆ.

ಇನ್ನೊಂದು ವಿಷಯ. ಶೆವೆಕ್ ಪಾತ್ರಕ್ಕೆ ಓಪನ್‌ಹೈಮರ್ ಒಂದು ಮಾದರಿ ಅಂತ ಲೆ ಗ್ವಿನ್ ಅವರೇ ಹೇಳಿಕೊಂಡಿದ್ದಾರೆ. ಲೆ ಗ್ವಿನ್ ಬರ್ಕ್ಲಿಯಲ್ಲಿ ಬೆಳೆದವರು, ಅವರ ಮನೆಗೆ ಅವನ ಪರಿಚಯ ಇತ್ತು. ಬಾಂಬು ಮಾಡಿದವನ ಮುಖ ಇಟ್ಟುಕೊಂಡು, ತನ್ನ ಸಿದ್ಧಾಂತ ಒಂದು ಸರ್ಕಾರದ ಸ್ವತ್ತಾಗಬಾರದು ಅಂತ ಒದ್ದಾಡುವವನನ್ನು ಬರೆದರು.


ಐಕ್ಯ_ಸ್ಥಳ (ಹುನಗುಂದ)

ನಾನು ಬರುತ್ತೇನೆ. ಆದರೆ ಇದನ್ನು ಓದಲು ಬೇರೆ ಗ್ರಹಕ್ಕೆ ಯಾಕೆ ಹೋಗಬೇಕು? ನಮ್ಮಲ್ಲಿ 12ನೇ ಶತಮಾನದಲ್ಲೇ ಕಾಯಕ, ದಾಸೋಹ ಅಂತ ಹೇಳಿ ಬದುಕಿ ತೋರಿಸಿದ್ದಾರೆ. ಬಸವಣ್ಣ ಹುಟ್ಟಿದ್ದು ಬಾಗೇವಾಡಿಯಲ್ಲಿ, ಐಕ್ಯವಾದದ್ದು ನಮ್ಮ ಕೂಡಲಸಂಗಮದಲ್ಲಿ. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಜಾಸ್ತಿ ಅಕ್ಕಿ ಆಯ್ದುಕೊಂಡು ಮನೆಗೆ ಬಂದ. ಲಕ್ಕಮ್ಮ ಏನು ಮಾಡಿದಳು? ಇದು ನಮ್ಮದಲ್ಲ, ಹೋಗಿ ಅಲ್ಲೇ ಸುರಿದು ಬಾ ಅಂದಳು. ಓಡೋ ಅನ್ನುವವಳು ಹೇಳುವುದೂ ಇದನ್ನೇ ಅಲ್ವಾ, ಬೇಕಾದ್ದಕ್ಕಿಂತ ಹೆಚ್ಚು ಇಟ್ಟುಕೊಂಡರೆ ಅದು ಹೊಲಸು ಅಂತ?


ಮಲಪ್ರಭಾ_ಮೂಲ (ಖಾನಾಪುರ)

ಲಕ್ಕಮ್ಮನನ್ನು ನೆನೆಸಿದ್ದು ಭಾಳ ಛಲೋ ಆಯಿತು. ಓಡೋ ಪಕ್ಕದಲ್ಲಿ ಕೂರಿಸಿದರೆ ಇಬ್ಬರಿಗೂ ಮಾತು ಹೊಂದುತ್ತದೆ. ಆದರೆ 'ಇದು ನಮ್ಮಲ್ಲೇ ಇತ್ತು' ಅಂತ ಅಲ್ಲಿಗೇ ನಿಲ್ಲಿಸಿದರೆ ಪುಸ್ತಕ ಮುಚ್ಚಿ ಇಟ್ಟ ಹಾಗೆ. ವ್ಯತ್ಯಾಸ ಎಲ್ಲಿ ಅಂತಲೂ ನೋಡಿ. ಶರಣರಿಗೆ ದೇವರಿದ್ದ. ಕಾಯಕ ಮಾಡಿದ್ದು ಲಿಂಗಕ್ಕೆ, ಜಂಗಮಕ್ಕೆ. ಅನಾರೆಸ್‌ನವರಿಗೆ ಮೇಲೆ ಯಾರೂ ಇಲ್ಲ, ಮಾಡಿದ್ದು ಪಕ್ಕದವನಿಗೆ, ಅಷ್ಟೇ. ಕಲ್ಯಾಣದಲ್ಲಿ ಅರಸ ಬಿಜ್ಜಳ ಇದ್ದ, ಬಸವಣ್ಣ ಅವನ ಭಂಡಾರದ ಅಧಿಕಾರಿ. ಅರಮನೆ ಪಕ್ಕದಲ್ಲೇ ಇದ್ದುಕೊಂಡು ಕಟ್ಟಿದ್ದು ಅದು. ಹರಳಯ್ಯ ಮಧುವರಸರ ಮಕ್ಕಳ ಮದುವೆ ಆದಾಗ ಆ ಅರಸನ ಕೈ ಇವರ ಮೇಲೆ ಬಿತ್ತು. ಅನಾರೆಸ್‌ನವರು ಅರಸರನ್ನೆಲ್ಲ ಕೆಳಗೆ ಬಿಟ್ಟು ಮೇಲೆ ಹೋದರು. ಹೊರಗಿನ ಶತ್ರು ಇಲ್ಲದೆ 170 ವರ್ಷ ಕಳೆದ ಮೇಲೆ ಆ ವಿಚಾರ ಏನಾಗುತ್ತದೆ? ಕಲ್ಯಾಣಕ್ಕೆ ಅಷ್ಟು ಕಾಲ ಸಿಗಲೇ ಇಲ್ಲ. ಸಿಕ್ಕಿದ್ದರೆ ಏನಾಗುತ್ತಿತ್ತು ಅನ್ನುವ ಪ್ರಶ್ನೆಯನ್ನು ಈ ಪುಸ್ತಕ ಹಿಡಿದು ಓದಬಹುದು.


ಐಕ್ಯ_ಸ್ಥಳ (ಹುನಗುಂದ)

ಅಕ್ಕಾರೆ, ಕಾಲ ಸಿಗದೆ ಏನು, ಆಮೇಲೆ ಮಠಗಳಾದವು, ಜಾತಿಯೂ ಆಯಿತು. ಅದು ನನಗೂ ಗೊತ್ತಿದೆ. ನಾನು ಹೆಮ್ಮೆಗೆ ಹೇಳಿದ್ದಲ್ಲ. ಹೋಗಲಿ, ಅನಾರೆಸ್‌ನಲ್ಲಿ ಅದು ಏನಾಯಿತು ಅಂತ ಹೇಳ್ರಲಾ.


ಮಲಪ್ರಭಾ_ಮೂಲ (ಖಾನಾಪುರ)

ಹೇಳಿದರೆ ಕತೆ ಹೇಳಿದ ಹಾಗಾಗುತ್ತದೆ. ಆದರೂ ಸ್ವಲ್ಪ ಹೇಳುತ್ತೇನೆ, ಬೇಡವಾದವರು ಈ ಪೋಸ್ಟ್ ದಾಟಿ ಹೋಗಿ.

ಅಲ್ಲಿ ಕಾನೂನಿಲ್ಲ, ಶಿಕ್ಷೆಯಿಲ್ಲ. ಸರಿ. ಹಾಗಾದರೆ ಜನ ಯಾವುದಕ್ಕೆ ಹೆದರುತ್ತಾರೆ? ಮಂದಿ ಏನಂದಾರು ಅನ್ನುವುದಕ್ಕೆ. ಶೆವೆಕ್‌ನ ಗೆಳೆಯ ಬೆಡಾಪ್ ಆರನೇ ಅಧ್ಯಾಯದಲ್ಲಿ ಇದನ್ನೇ ಎತ್ತುತ್ತಾನೆ. ಇನ್ನೊಬ್ಬ ಗೆಳೆಯ ಟಿರಿನ್ ಒಂದು ನಾಟಕ ಬರೆಯುತ್ತಾನೆ. ಯಾರೂ ಅದನ್ನು ನಿಷೇಧಿಸುವುದಿಲ್ಲ, ನಿಷೇಧಿಸುವವರೇ ಇಲ್ಲವಲ್ಲ. ಸಭೆಯಲ್ಲಿ ಎಲ್ಲರೂ ಸೇರಿ ಬೈಯುತ್ತಾರೆ, ಆಮೇಲೆ ಅವನಿಗೆ ಬರುವ ಕೆಲಸವೆಲ್ಲ ರಸ್ತೆ ರಿಪೇರಿಯಂಥದ್ದೇ. ಕೊನೆಗೆ ಹುಚ್ಚಾಸ್ಪತ್ರೆ ಸೇರುತ್ತಾನೆ. ಸಬುಲ್ ಅಂತ ಒಬ್ಬ ಹಿರಿಯ ವಿಜ್ಞಾನಿ ಇದ್ದಾನೆ. ಕಾಗದದ ಮೇಲೆ ಅವನಿಗೆ ಯಾವ ಅಧಿಕಾರವೂ ಇಲ್ಲ. ಆದರೆ ಅವನನ್ನು ದಾಟಿ ಒಂದು ಪ್ರಬಂಧ ಅಚ್ಚಾಗುವುದಿಲ್ಲ. ಶೆವೆಕ್ ಬರೆದ ಪುಸ್ತಕದ ಮೇಲೆ ತನ್ನ ಹೆಸರನ್ನೂ ಹಾಕಿಸಿಕೊಳ್ಳುತ್ತಾನೆ. ಶೆವೆಕ್‌ನ ಮಗಳು ಸಾದಿಕ್, ಸಣ್ಣ ಹುಡುಗಿ, ಅವಳನ್ನು ಹಾಸ್ಟೆಲಿನ ಮಕ್ಕಳು ಮಾತಾಡಿಸದೆ ಬಿಡುತ್ತಾರೆ. ಅಪ್ಪ ಮಾಡಿದ್ದಕ್ಕೆ.

ಇದನ್ನು ಕಾಡಲ್ಲಿ ಒಂಟಿ ಮನೆ ಮಾಡಿ ಬೆಳೆದವರು ಓದಿದರೆ ಹೇಗೋ ಗೊತ್ತಿಲ್ಲ. ಓಣಿಯಲ್ಲಿ ಬೆಳೆದ ಹೆಣ್ಣುಮಕ್ಕಳಿಗೆ ವಿವರಿಸಿ ಹೇಳುವ ಅಗತ್ಯವೇ ಇಲ್ಲ.


ಗುಮ್ಮಟದ_ನೆರಳು (ವಿಜಯಪುರ)

ಸಬುಲ್ ನನಗೆ ಗೊತ್ತು. ನಮ್ಮ ಸೊಸೈಟಿಯ ಸೆಕ್ರೆಟರಿ. (ಹೆಸರು ಕೇಳಬೇಡಿ.)


ಯುನಿಟ್_ಎರಡು (ಬಾಗಲಕೋಟೆ)

ಹಹ್ಹ. ಪ್ರತಿ ಸೊಸೈಟಿಯಲ್ಲೂ ಒಬ್ಬ ಇರುತ್ತಾನೆ.

ನಾನು ಮುಳುಗಡೆ ಮಾತು ಎತ್ತಿದ್ದೆ, ಅದರ ಬಗ್ಗೆ ಸ್ವಲ್ಪ ಬರೆಯುತ್ತೇನೆ, ಯಾಕೆಂದರೆ ಅದು ನೇರ ಹೋಲಿಕೆ ಅಲ್ಲ ಅಂತ ನನಗೂ ಅನ್ನಿಸುತ್ತಿದೆ. ಆಲಮಟ್ಟಿ ಅಣೆಕಟ್ಟಿಗೆ 1964ರಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ಅಡಿಗಲ್ಲು ಹಾಕಿದರು. ಹಿನ್ನೀರು ಘಟಪ್ರಭೆಯಲ್ಲಿ ಹಿಂದಕ್ಕೆ ಏರಿ ಹಳೇ ಬಾಗಲಕೋಟೆಯ ಒಂದು ಭಾಗ ಹೋಯಿತು, ಸುತ್ತಿನ ಹಳ್ಳಿಗಳು ಹೋದವು. ನವನಗರ ಎದ್ದಿತು. ಅಗಲ ರಸ್ತೆ, ಸಾಲಾಗಿ ಸೆಕ್ಟರ್, ಹಳ್ಳಿಯವರಿಗೆ ಪುನರ್ವಸತಿ ಕೇಂದ್ರ. ಈಗ ನೀರಿನ ಮಟ್ಟ 519.60 ಮೀಟರ್ ಇದೆ, ಅದನ್ನು 524.256ಕ್ಕೆ ಏರಿಸುವ ಮಾತು ಇನ್ನೂ ಮುಗಿದಿಲ್ಲ. ಅಂದರೆ ಮತ್ತಷ್ಟು ಜನ ಪಟ್ಟಿಯಲ್ಲಿದ್ದಾರೆ.

ಅನಾರೆಸ್‌ನವರು ತಾವಾಗಿ ಹೋದರು. ನಾವು ಎದ್ದು ಬಂದದ್ದು ನೋಟಿಸ್ ಬಂದ ಮೇಲೆ. ಅವರಿಗೆ ಒಂದು ವಿಚಾರ ಇತ್ತು, ನಮಗೆ ಪರಿಹಾರದ ಚೆಕ್ಕು, ಒಂದು ಸೈಟು. ದೊಡ್ಡ ವ್ಯತ್ಯಾಸ, ಒಪ್ಪುತ್ತೇನೆ. ಆದರೆ ಹೊಸ ನೆಲದಲ್ಲಿ ನಕ್ಷೆ ಹಾಕಿ ಕಟ್ಟಿದ ಊರಿನಲ್ಲಿ ಮೊದಲ ತಲೆಮಾರು ಹೇಗೆ ಬದುಕುತ್ತದೆ, ಅಲ್ಲೇ ಹುಟ್ಟಿದ ಮಕ್ಕಳು ಹೇಗೆ ಬದುಕುತ್ತಾರೆ ಅನ್ನುವುದು ನಮಗೆ ಕಣ್ಣಿಗೆ ಕಂಡ ಸಂಗತಿ. ನಮ್ಮ ಅಪ್ಪನಿಗೆ ನವನಗರ ಯಾವತ್ತೂ ಊರು ಆಗಲಿಲ್ಲ. ನನ್ನ ಮಗಳಿಗೆ ಇದೇ ಊರು, ಕಿಲ್ಲಾ ಓಣಿ ಅಂದರೆ ಅವಳಿಗೆ ಹೋಳಿಗೆ ಹಲಗಿ ಬಡಿಯಲು ಹೋಗುವ ಜಾಗ. ಹೋಳಿಯ ದಿನ ಮಾತ್ರ ಹಳೇ ಊರು ತುಂಬುತ್ತದೆ, ನಿಮಗೆ ಗೊತ್ತಲ್ಲ. ಶೆವೆಕ್ ಕೂಡ ಎಂದೂ ಉರಾಸ್ ಕಂಡವನಲ್ಲ. ಅವನ ಹಿರಿಯರು ಬಿಟ್ಟು ಬಂದ ನೆಲ ಅದು, ರಾತ್ರಿ ತಲೆ ಎತ್ತಿದರೆ ಆಕಾಶದಲ್ಲಿ ಚಂದ್ರನ ಹಾಗೆ ಕಾಣುತ್ತದೆ. ಹೋಗುವುದಿಲ್ಲ ಅಂತ ಆಣೆ ಮಾಡಿದ್ದಾರೆ, ಆದರೆ ವರ್ಷಕ್ಕೆ ಎಂಟು ಸಲ ಅಲ್ಲಿನ ಹಡಗು ಬಂದು ಇಲ್ಲಿನ ಅದಿರು ಹೊತ್ತುಕೊಂಡು ಹೋಗುತ್ತದೆ. ಸಂಬಂಧ ಇಲ್ಲ ಅಂತಾರೆ, ವ್ಯಾಪಾರ ಇದೆ. ಈ ಸಂಕಟ ನನಗೆ ಭಾಳ ಹಿಡಿಸಿತು.


ಹಸಿರು_ಬಾವುಟ (ವಿಜಯಪುರ)

ನಾನು ರಿಟೈರ್ ಆದ ರೈಲ್ವೆ ಗಾರ್ಡ್. ಮಗ ಈ ಪುಸ್ತಕ ಮೊಬೈಲಿಗೆ ಹಾಕಿಕೊಟ್ಟಿದ್ದ, ಅಕ್ಷರ ದೊಡ್ಡದು ಮಾಡಿಕೊಂಡು ಓದಿ ಮುಗಿಸಿದೆ. ನಿಮ್ಮ ಕಾಲ, ಸಿದ್ಧಾಂತ ನನಗೆ ಹೆಚ್ಚು ತಿಳಿಯಲಿಲ್ಲ. ರೈಲು ಬರುವ ಜಾಗಗಳು ತಿಳಿದವು. ಅದನ್ನೇ ಹೇಳುತ್ತೇನೆ.

ಅನಾರೆಸ್‌ನಲ್ಲಿ ವರ್ಷಗಟ್ಟಲೆ ಬರ ಬೀಳುತ್ತದೆ. ಎಂಟನೇ ಅಧ್ಯಾಯದಲ್ಲಿ ಶೆವೆಕ್ ಇರುವ ರೈಲು ದಾರಿಯಲ್ಲಿ ನಿಂತುಬಿಡುತ್ತದೆ. ನೂರಾರು ಜನ, ತಿನ್ನಲು ಏನೂ ಇಲ್ಲ. ಎದುರಿಗೇ ಒಂದು ಸಣ್ಣ ಊರು. ಆ ಊರವರ ಹತ್ತಿರ ತಮಗೆ ಆಗುವಷ್ಟೇ ಕಾಳಿದೆ. ಹಂಚಿದರೆ ಯಾರಿಗೂ ಸಾಲದು. ಅವರು ಗೋಡೆಯ ಹಿಂದೆ ಇದ್ದುಬಿಡುತ್ತಾರೆ. ರೈಲಿನ ಕಡೆ ನೋಡುವುದೂ ಇಲ್ಲ. ಎಲ್ಲರದ್ದೂ ಎಲ್ಲರಿಗೂ ಅಂತ ಹಾಲು ಕುಡಿಯುವಾಗಿನಿಂದ ಕಲಿತ ಜನ.

ನಮ್ಮ ಹೋಟಗಿ-ಗದಗ ಲೈನು ಯಾಕೆ ಹಾಕಿದರು ಅಂತ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. 1876-78ರ ದೊಡ್ಡ ಬರದಲ್ಲಿ ಈ ಜಿಲ್ಲೆಯಲ್ಲಿ ಜನ ಇರುವೆ ಸತ್ತ ಹಾಗೆ ಸತ್ತರು. ಕಾಳು ಮುಟ್ಟಿಸಲು ಎತ್ತಿನ ಗಾಡಿ ಬಿಟ್ಟರೆ ದಾರಿ ಇರಲಿಲ್ಲ, ಎತ್ತುಗಳಿಗೇ ಮೇವಿಲ್ಲ. ಆಮೇಲೆ 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಈ ಮೀಟರ್ ಗೇಜ್ ಲೈನು ಮಾಡಿದರು, ಮತ್ತೆ ಬರ ಬಿದ್ದರೆ ಕಾಳು ಬೇಗ ಬರಲಿ ಅಂತ. ಈಗ ಬ್ರಾಡ್ ಗೇಜ್ ಆಗಿದೆ. ವಿಜಯಪುರ, ಬಾಗಲಕೋಟೆ ಸ್ಟೇಷನ್ ಎರಡೂ ಅದೇ ಲೈನಿನ ಮೇಲಿವೆ. ಹಾಗಾಗಿ ಬರಗಾಲದಲ್ಲಿ ರೈಲು ಅಂದರೆ ನನಗೆ ಕಟ್ಟುಕತೆ ಅನ್ನಿಸುವುದಿಲ್ಲ.

ಹತ್ತನೇ ಅಧ್ಯಾಯದಲ್ಲಿ ಇನ್ನೊಂದು ಬರುತ್ತದೆ. ಶೆವೆಕ್ ಒಬ್ಬ ಚಾಲಕನ ಪಕ್ಕ ಕೂತು ಹೋಗುತ್ತಾನೆ. ಆ ಚಾಲಕ ತನಗೆ ಗೊತ್ತಿದ್ದ ಇನ್ನೊಬ್ಬ ಚಾಲಕನ ವಿಷಯ ಹೇಳುತ್ತಾನೆ. ಹಸಿದ ಜನ ಕಾಳಿನ ಗಾಡಿ ಲೂಟಿ ಮಾಡಲು ಬಂದು ಅಡ್ಡ ನಿಂತರು. ಅವನು ಗಾಡಿ ಅವರ ಮೇಲೇ ಹಾಯಿಸಿದ. ಮಂದಿ ಸತ್ತರು. ಮುಂದಿನ ಊರಿನಲ್ಲಿ ಅದೇ ಕಾಳಿಗೆ ನೂರಾರು ಜನ ಕಾಯುತ್ತಿದ್ದರು. ಅವನು ಮಾಡಿದ್ದು ಸರಿಯಾ? ಹೇಳುವವನಿಗೂ ಗೊತ್ತಿಲ್ಲ. ನನ್ನ ಸರ್ವೀಸಿನಲ್ಲಿ ಲೈನಿನ ಮೇಲೆ ಬಿದ್ದವರನ್ನು ಕಂಡಿದ್ದೇನೆ, ಅದು ಬೇರೆ ಮಾತು. ಆದರೆ ಬ್ರೇಕ್ ಹಾಕದೆ ಹೋಗು ಅಂತ ತಲೆಯಲ್ಲಿ ಲೆಕ್ಕ ಹಾಕಿ ಹೋದವನು, ಅವನು ರಾತ್ರಿ ಹೇಗೆ ಮಲಗಿದ? ಅದನ್ನು ಪುಸ್ತಕ ಹೇಳುವುದಿಲ್ಲ.


ಲೆಕ್ಕದ_ಟೀಚರ್ (ಜಮಖಂಡಿ)

ಕಾಕಾ, ಮುಂದಿನ ಅಧ್ಯಾಯದ್ದೆಲ್ಲ ಹೇಳಿಬಿಟ್ಟಿರಿ! ಇರಲಿ, ಈ ಪುಸ್ತಕ ಕೆಡುವುದಿಲ್ಲ.

ಆ ಚಾಲಕನ ಮಾತಿಗೆ ಶೆವೆಕ್ ಏನು ಹೇಳುತ್ತಾನೆ ಅನ್ನುವುದು ಇನ್ನೂ ಕಷ್ಟದ್ದು. ಅವನೂ ಬರದಲ್ಲಿ ಪಟ್ಟಿ ಮಾಡುವ ಕೆಲಸ ಮಾಡಿರುತ್ತಾನೆ. ಯಾರಿಗೆ ಪೂರ್ತಿ ರೇಷನ್, ಯಾರಿಗೆ ಅರ್ಧ. ಕಾಯಿಲೆಯವರು, ಮುದುಕರು ದುಡಿಯಲು ಆಗುವುದಿಲ್ಲ, ಅವರಿಗೆ ಕಡಿಮೆ. ಚಾಲಕ ಒಂದು ಕ್ಷಣದಲ್ಲಿ ಮಾಡಿದ್ದನ್ನು ಇವನು ಪೆನ್ನು ಹಿಡಿದು ದಿನಾ ಮಾಡಿದ. ನಾನು ಇದನ್ನು ಓದಿದಾಗ ಜನಗಣತಿ, ಚುನಾವಣೆ, ರೇಷನ್ ಕಾರ್ಡು ಪರಿಶೀಲನೆ ಅಂತ ನಮ್ಮ ಕೈಗೆ ಕೊಡುವ ಪಟ್ಟಿಗಳು ನೆನಪಾದವು. ಒಂದು ಟಿಕ್ ಹಾಕಿದರೆ ಒಂದು ಮನೆಗೆ ಅಕ್ಕಿ ಬರುತ್ತದೆ, ಹಾಕದಿದ್ದರೆ ಇಲ್ಲ. ನಾವು ಕಾನೂನು ಇದೆ, ಮೇಲಿನವರ ಆದೇಶ ಇದೆ ಅಂತ ಹೇಳಿ ಕೈ ತೊಳೆದುಕೊಳ್ಳಬಹುದು. ಅನಾರೆಸ್‌ನಲ್ಲಿ ಮೇಲಿನವರೇ ಇಲ್ಲ. ಪಟ್ಟಿ ಬರೆದವನ ಮೇಲೆಯೇ ಪೂರ್ತಿ ಬೀಳುತ್ತದೆ. ಅವನು ಆ ಕೆಲಸ ಬಿಟ್ಟು ಎದ್ದು ಬರುತ್ತಾನೆ, ಆದರೆ ಬೇರೆ ಯಾರೋ ಆ ಪಟ್ಟಿ ಬರೆಯುತ್ತಾರೆ ಅಂತ ಅವನಿಗೂ ಗೊತ್ತು.


ಐಕ್ಯ_ಸ್ಥಳ (ಹುನಗುಂದ)

ಈಗ ತಿಳಿಯಿತು ಟೀಚರ್. ಲಕ್ಕಮ್ಮ ಹೆಚ್ಚಾದ ಅಕ್ಕಿ ವಾಪಸ್ ಸುರಿಸಿದಳು. ಅಕ್ಕಿಯೇ ಇಲ್ಲದ ದಿನ ಏನು ಮಾಡುತ್ತಿದ್ದಳು ಅನ್ನುವುದು ಇಲ್ಲಿನ ಪ್ರಶ್ನೆ. 1972ರ ಬರದಲ್ಲಿ ನಮ್ಮ ಅಜ್ಜಿ ಗಂಜಿ ಕೇಂದ್ರದ ಸಾಲಿನಲ್ಲಿ ನಿಂತವಳು. ಸಾಲಿನಲ್ಲಿ ಯಾರು ಮುಂದೆ ಅನ್ನುವುದಕ್ಕೆ ಹೊಡೆದಾಟ ಆಗುತ್ತಿತ್ತು, ನೀರಿಗೆ ಬೇರೆ ಸಾಲು, ಮನೆತನ ನೋಡಿ ಸಾಲು ಅಂತ ಹೇಳುತ್ತಿದ್ದಳು. ಅವಳಿಗೆ ಈ ಕತೆ ಹೇಳಿದ್ದರೆ 'ಅಲ್ಲಿ ಜಾತಿ ಇರಲಿಲ್ಲೇನು?' ಅಂತ ಮೊದಲು ಕೇಳುತ್ತಿದ್ದಳು. ಇರಲಿಲ್ಲ ಅಜ್ಜಿ, ಆದರೂ ಬಾಗಿಲು ಹಾಕಿಕೊಂಡರು.


ಮಲಪ್ರಭಾ_ಮೂಲ (ಖಾನಾಪುರ)

ನಾನು ಮಳೆ ನಾಡಿನವಳು, ನಮ್ಮ ಕಡೆ ಜೂನ್‌ನಲ್ಲಿ ಬಟ್ಟೆ ಒಣಗುವುದಿಲ್ಲ ಅನ್ನುವುದೇ ದೊಡ್ಡ ಕಷ್ಟ. ಬರದ ಬಗ್ಗೆ ನೀವು ಮಾತಾಡುವಾಗ ಸುಮ್ನೆ ಕೇಳುತ್ತೇನೆ.

ಆದರೆ ಇಬ್ಬರು ಗಂಡಸರು, ರೈಲು, ಪಟ್ಟಿ ಅಂತ ಮಾತು ಅಲ್ಲೇ ಸುತ್ತುತ್ತಿದೆ. ಅದೇ ಬರದಲ್ಲಿ ಶೆವೆಕ್‌ನ ಜೊತೆಗಾತಿ ಟಾಕ್ವೆರ್ ಎಲ್ಲಿದ್ದಳು? ಅವಳು ಮೀನಿನ ಜೀವಶಾಸ್ತ್ರ ಓದಿದವಳು. ಸಮುದ್ರದಂಡೆಯ ಪ್ರಯೋಗಾಲಯಕ್ಕೆ ಕರೆದರು, ಎಳೆ ಕೂಸನ್ನು ಕಟ್ಟಿಕೊಂಡು ಹೋದಳು. ನಾಲ್ಕು ವರ್ಷ ಒಬ್ಬರಿಂದ ಒಬ್ಬರು ದೂರ. ಶೆವೆಕ್‌ನ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದನ್ನು ಪುಟಗಟ್ಟಲೆ ಓದುತ್ತೇವೆ, ಟಾಕ್ವೆರ್‌ನ ಆ ನಾಲ್ಕು ವರ್ಷ ಅವಳ ಮಾತಿನಲ್ಲಿ ಸ್ವಲ್ಪ ಬಂದು ಮುಗಿದುಹೋಗುತ್ತದೆ. ಬರೆದವರು ಹೆಂಗಸು, ಓಡೋ ಹೆಂಗಸು, ಆದರೂ ಹೀಗೆ. ಇದು ನನ್ನ ತಕರಾರು, ಹತ್ತನೇ ವಾರ ಬಿಡದೆ ಎತ್ತುತ್ತೇನೆ.

ಇನ್ನೊಂದನ್ನು ಈಗಲೇ ಹೇಳಬೇಕು. ಏಳನೇ ಅಧ್ಯಾಯದ ಆ ಪಾರ್ಟಿಯ ಕೊನೆಯಲ್ಲಿ ಶೆವೆಕ್ ಕುಡಿದು ವೇಯಾ ಅನ್ನುವ ಹೆಂಗಸಿನ ಮೇಲೆ ಬೀಳುತ್ತಾನೆ. ಅವಳು ಬೇಡ ಅನ್ನುತ್ತಾಳೆ. ಓದಲು ಕಷ್ಟ. ಗುಂಪಿನಲ್ಲಿ ಕಾಲೇಜು ಹುಡುಗಿಯರೂ ಬಂದರೆ ಮೊದಲೇ ಗೊತ್ತಿರಲಿ. ಅವತ್ತು 'ಉರಾಸ್ ಅವನನ್ನು ಕೆಡಿಸಿತು' ಅಂತ ಯಾರಾದರೂ ನುಣುಚಿಕೊಂಡರೆ ಜಗಳ ಗ್ಯಾರಂಟಿ.


ಯುನಿಟ್_ಎರಡು (ಬಾಗಲಕೋಟೆ)

ಒಪ್ಪಿದೆ. ಏಳನೇ ವಾರದ ಮಾತು ನೀವೇ ನಡೆಸಿ ಅಕ್ಕಾರೆ. ನಾವು ಕೇಳುತ್ತೇವೆ.

ನಡೆಸುವ ರೀತಿ ಬಗ್ಗೆ ಈಗಲೇ ಹೇಳಿಬಿಡುತ್ತೇನೆ, ಗುಮ್ಮಟದವರ ಅನುಮಾನಕ್ಕೂ ಉತ್ತರ ಆಗುತ್ತದೆ. ಪ್ರತಿ ವಾರ ಒಬ್ಬರು ಬೇರೆಯವರು ನಡೆಸುವುದು. ಅವರು ಭಾಷಣ ಮಾಡುವಂತಿಲ್ಲ, ಒಂದು ಪುಟ ಗಟ್ಟಿಯಾಗಿ ಓದಿ ಒಂದು ಪ್ರಶ್ನೆ ಇಡಬೇಕು. ಆಮೇಲೆ ಅವರು ಕೊನೆಯವರೆಗೆ ಮಾತಾಡಬಾರದು. ಅಧ್ಯಾಯ ಓದದೆ ಬಂದವರೂ ಕೂರಬಹುದು, ಕತೆ ಏನಾಯಿತು ಅಂತ ಮೊದಲ ಹತ್ತು ನಿಮಿಷ ಯಾರಾದರೂ ಹೇಳುತ್ತಾರೆ. ಕ್ಯಾಮೆರಾ ಹಾಕಬೇಕು ಅನ್ನುವ ಒತ್ತಾಯ ಇಲ್ಲ, ನಮ್ಮ ಮನೆಯಲ್ಲೇ ಆ ಹೊತ್ತಿಗೆ ಮಗಳ ಹೋಮ್‌ವರ್ಕ್ ನಡೆದಿರುತ್ತದೆ. ಕರೆಂಟ್ ಹೋದರೆ ಮಾತಿನ ಸಾರಾಂಶ ವಾಟ್ಸಾಪ್ ಗುಂಪಿಗೆ ಬರುತ್ತದೆ, ಅದನ್ನು ಬರೆಯುವ ಪಾಳಿಯೂ ತಿರುಗುತ್ತದೆ. ಅನಾರೆಸ್‌ನಲ್ಲಿ ಹತ್ತು ದಿನಕ್ಕೊಮ್ಮೆ ಎಲ್ಲರೂ ಊರ ಕೆಲಸಕ್ಕೆ ಇಳಿಯುತ್ತಾರಲ್ಲ, ಅಷ್ಟರ ಮಟ್ಟಿಗೆ ನಾವೂ ಓಡೋ ಶಿಷ್ಯರು.


ಲೆಕ್ಕದ_ಟೀಚರ್ (ಜಮಖಂಡಿ)

ಪಾಳಿ ಪಟ್ಟಿ ಯಾರು ಮಾಡುತ್ತಾರೆ? ನೀವೇ ತಾನೆ? ಹಾಗಾದರೆ ಸಬುಲ್ ಹುಟ್ಟಿದ ಅಂತಲೇ ಲೆಕ್ಕ.


ಯುನಿಟ್_ಎರಡು (ಬಾಗಲಕೋಟೆ)

ಚೀಟಿ ಎತ್ತಿ ಮಾಡೋಣ ಟೀಚರ್. ಎತ್ತುವವರು ನೀವು.


ಹಸಿರು_ಬಾವುಟ (ವಿಜಯಪುರ)

ನನಗೆ ಹತ್ತನೇ ಅಧ್ಯಾಯ ಬರಲಿ ಅಂತ ಆಸೆ. ಚೀಟಿಯಲ್ಲಿ ಬರದಿದ್ದರೆ ಬಂದವರ ಜೊತೆ ಬದಲಿ ಮಾಡಿಕೊಳ್ಳುತ್ತೇನೆ. ರೈಲ್ವೆಯಲ್ಲಿ ಡ್ಯೂಟಿ ಬದಲಿ ನಮಗೆ ರೂಢಿ.


ಗುಮ್ಮಟದ_ನೆರಳು (ವಿಜಯಪುರ)

ಕಾಕಾರ ಪೋಸ್ಟ್ ಓದಿ ಮನಸ್ಸು ಮಾಡಿದೆ, ಬರುತ್ತೇನೆ. ಪುಸ್ತಕ ತರಿಸಲು ಹಾಕಿದ್ದೇನೆ. ಆದರೆ ಒಂದು ಕೇಳುತ್ತೇನೆ, ನೇರ ಎಂಟನೇ ಅಧ್ಯಾಯದಿಂದ ಶುರು ಮಾಡಿದರೆ ಆಗದಾ? ರೈಲು ನಿಂತಲ್ಲಿಂದ. ಮೊದಲಿನ ಗ್ರಹ, ಹಡಗು, ಹೆಸರುಗಳು ಆಮೇಲೆ ನೋಡಿಕೊಂಡರಾಯಿತು.


ಲೆಕ್ಕದ_ಟೀಚರ್ (ಜಮಖಂಡಿ)

ಆಗುವುದಿಲ್ಲ. ಎಂಟರಲ್ಲಿ ಬಾಗಿಲು ಹಾಕಿಕೊಂಡವರ ಮೇಲೆ ನಿಮಗೆ ಸಿಟ್ಟು ಬರುತ್ತದೆ, ಅಷ್ಟೇ. ಎರಡರಲ್ಲಿ ಆ ಮಕ್ಕಳು ಹೇಗೆ ಬೆಳೆದರು ಅಂತ ನೋಡಿರಬೇಕು, ಮೂರು, ಐದರಲ್ಲಿ ಉರಾಸ್‌ನ ತುಂಬಿದ ಊಟದ ಮೇಜು ನೋಡಿರಬೇಕು. ಆಮೇಲೆ ಆ ಗೋಡೆ ಬೇರೆ ಥರ ಕಾಣುತ್ತದೆ. ಒಂದರಿಂದ ಬನ್ನಿ.


ಗುಮ್ಮಟದ_ನೆರಳು (ವಿಜಯಪುರ)

ಸರಿ ಮೇಡಂ, ಒಂದರಿಂದಲೇ. ನಾನೂ ಚೀಟಿಗೆ ಹೆಸರು ಕೊಟ್ಟೆ. ಪಾರ್ಟಿ ಇರುವ ಅಧ್ಯಾಯ ಮಾತ್ರ ನನಗೆ ಬೇಡ, ಅದು ಖಾನಾಪುರದ ಅಕ್ಕಾರಿಗೇ ಇರಲಿ. ಮತ್ತೆ 9 ಗಂಟೆ ಅಂದರೆ 9 ಗಂಟೆಗೇ ಶುರು ಮಾಡ್ರಿ ಸರ್, ನನ್ನ ಅಂಗಡಿ ಬಾಗಿಲು ಹಾಕುವುದು ಎಂಟೂವರೆಗೆ.